ಆಸ್ಟ್ರೇಲಿಯಾದಲ್ಲಿ ದೊಡ್ಡ ದೋಣಿ ಎಳೆಯಲು ಎಂಥ ವಾಹನ ಬೇಕು?

ಕಾಫಿ ಕುಯ್ಲಿನ ದಿನಗಳಲ್ಲಿ ರಜೆಗೆಂದು ಸಕಲೇಶಪುರಕ್ಕೆ ಬಂದಿದ್ದ ನನ್ನ ಅಕ್ಕನ ಮಗ, ಕ್ಯಾನ್‌ಬೆರಾದಲ್ಲಿ ತಾನು ಕೊಳ್ಳಬೇಕೆಂದಿರುವ ಆರೂವರೆ ಮೀಟರ್ ಉದ್ದದ ದೋಣಿಯ ಚಿತ್ರವನ್ನೂ ಅದನ್ನು ಎಳೆಯಲು ನೋಡಿಟ್ಟಿರುವ ವಾಹನದ ಚಿತ್ರವನ್ನೂ ಜಗುಲಿಯಲ್ಲಿ ಕುಳಿತು ತೋರಿಸಿದ. "ಮಾವ, ಮೂರೂವರೆ ಟನ್ ಎಳೆಯುತ್ತದೆ ಅಂತ ಬರೆದಿದ್ದಾರೆ, ಇನ್ನೇನು ನೋಡಬೇಕು?" ಎಂಬುದು ಅವನ ಪ್ರಶ್ನೆ. ಅಲ್ಲಿ ಬಹಳ ವರ್ಷ ದೋಣಿ ಎಳೆದು ಈಗ ಊರಿಗೆ ಮರಳಿರುವ ನಾನು ಅವನಿಗೆ ಹೇಳಿದ್ದನ್ನೇ, ಹಾಸನ, ಚಿಕ್ಕಮಗಳೂರಿನ ಕಡೆಯಿಂದ ಅಲ್ಲಿಗೆ ಹೋಗಿ ನೆಲೆಸಿರುವ ಇತರರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಟ್ರ್ಯಾಕ್ಟರಿಗೆ ಟ್ರೇಲರ್ ಸಿಕ್ಕಿಸಿದರೆ, ಎಂಜಿನ್ ಎಳೆಯುವಷ್ಟು ಹೊರೆ ಹೇರುವುದೇ ರೂಢಿ. ಆಸ್ಟ್ರೇಲಿಯಾದಲ್ಲಿ ಎಂಜಿನ್ ಎಳೆಯುತ್ತದೆಯೇ ಎಂಬುದು ಕಡೆಯ ಪ್ರಶ್ನೆ. ಅಲ್ಲಿನ ಕಾನೂನು ನಾಲ್ಕು ತೂಕಗಳನ್ನು ನೋಡುತ್ತದೆ. ಜನ, ಸಾಮಾನು, ಇಂಧನವೆಲ್ಲ ಸೇರಿ ವಾಹನ ಇರಬಹುದಾದ ಗರಿಷ್ಠ ತೂಕಕ್ಕೆ ಜಿವಿಎಂ ಎನ್ನುತ್ತಾರೆ. ವಾಹನ ಮತ್ತು ಟ್ರೇಲರ್ ಎರಡೂ ಸೇರಿದ ಗರಿಷ್ಠ ತೂಕ ಜಿಸಿಎಂ. ದೋಣಿ ಹೇರಿದ ಟ್ರೇಲರಿನ ಒಟ್ಟು ಗರಿಷ್ಠ ತೂಕ ಎಟಿಎಂ. ಟ್ರೇಲರಿನ ಮೂತಿ ವಾಹನದ ಹಿಂಬದಿಯ ಗುಂಡಿನ ಮೇಲೆ ಒತ್ತುವ ಭಾರ ಟೋ ಬಾಲ್ ಭಾರ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ 3500 ಕಿಲೋ, ಬ್ರೇಕ್ ಇರುವ ಟ್ರೇಲರನ್ನು ಎಳೆಯುವ ಗರಿಷ್ಠ ಮಿತಿ ಮಾತ್ರ. ಮೇಲಿನ ನಾಲ್ಕು ಮಿತಿಗಳೂ ಒಪ್ಪಿದಾಗಲಷ್ಟೇ ಅದು ನಿಮ್ಮ ಕೈಗೆ ಸಿಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ನೀವು ನೋಡಿರುವ ವಾಹನದ ಬರಿ ತೂಕ 2300 ಕಿಲೋ, ಜಿವಿಎಂ 3150, ಜಿಸಿಎಂ 6000 ಎಂದಿಟ್ಟುಕೊಳ್ಳಿ. ಹಿಂದೆ ಪೂರ್ತಿ 3500 ಕಿಲೋ ಕಟ್ಟಿದರೆ ವಾಹನದ ಪಾಲಿಗೆ ಉಳಿಯುವುದು 2500, ಅಂದರೆ ಬರಿ ತೂಕದ ಮೇಲೆ 200 ಕಿಲೋ ಮಾತ್ರ. ಗಂಡ, ಹೆಂಡತಿ, ಬೆಳೆದ ಇಬ್ಬರು ಮಕ್ಕಳು ಕುಳಿತರೆ ಅಲ್ಲಿಗೇ ಮಿತಿ ದಾಟಿತು. ಟ್ರೇಲರ್ ಸಿಕ್ಕಿಸಲು ಹಿಂದೆ ಕೂರಿಸುವ ಟೋ ಬಾರ್, ಮುಂದಿನ ರಕ್ಷಣೆಯ ಕಂಬಿಯಾದ ಬುಲ್ ಬಾರ್, ಊಟದ ಬುತ್ತಿ ಯಾವುದನ್ನೂ ಇನ್ನೂ ಎಣಿಸಿಲ್ಲ. ನನಗೆ ಮೊದಲ ವಾಹನ ಮಾರಿದವರು "ಮೂರೂವರೆ ಟನ್ನಿಗೆ ಯೋಚನೆಯೇ ಬೇಡ" ಎಂದು ಭರವಸೆ ಕೊಟ್ಟಿದ್ದರು. ವಾಹನ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿದ ದಿನ ಜಿಸಿಎಂಗಿಂತ 200 ಕಿಲೋ ಹೆಚ್ಚು ಬಂದಿತ್ತು, ಮತ್ತು ಅಷ್ಟರಲ್ಲಾಗಲೇ ಆ ವಾಹನದಲ್ಲಿ ನಾನು ಮಕ್ಕಳನ್ನು ಕೂರಿಸಿಕೊಂಡು ಎರಡು ಬೇಸಿಗೆ ಓಡಾಡಿದ್ದೆ. ಅದನ್ನು ನೆನೆದರೆ ಈಗಲೂ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಆದ್ದರಿಂದ ಮೊದಲು ದೋಣಿಯ ನಿಜವಾದ ತೂಕ ತಿಳಿಯಬೇಕು. ಮಾರುವವರು ಹೇಳುವ ಒಣ ತೂಕದಲ್ಲಿ ಅನೇಕ ವೇಳೆ ಎಂಜಿನ್ನೂ ಇರುವುದಿಲ್ಲ. ದೋಣಿಯ ಮೈ 1400 ಕಿಲೋ ಇದ್ದರೆ, 300 ಅಶ್ವಶಕ್ತಿಯ, ದೋಣಿಯ ಹೊರಬದಿಗೆ ಕೂರಿಸುವ ಔಟ್‌ಬೋರ್ಡ್ ಎಂಜಿನ್ ಸುಮಾರು 250, ಲೀಟರಿಗೆ ಮುಕ್ಕಾಲು ಕಿಲೋದಂತೆ 300 ಲೀಟರ್ ಪೆಟ್ರೋಲ್ 225, ಎರಡು ಅಚ್ಚಿನ ಟ್ರೇಲರ್ 750, ಲಂಗರು, ಬ್ಯಾಟರಿ, ನೀರು, ಐಸ್ ಪೆಟ್ಟಿಗೆ, ಜೀವರಕ್ಷಕ ಉಡುಪು ಎಲ್ಲ ಸೇರಿ 200. ಒಟ್ಟು 2825 ಕಿಲೋ. ಇದರ ನೂರಕ್ಕೆ ಎಂಟು ಪಾಲು ಗುಂಡಿನ ಮೇಲೆ ಬಿದ್ದರೆ 226 ಕಿಲೋ ಆಯಿತು, ಅದನ್ನು ವಾಹನದ ಜಿವಿಎಂ ಒಳಗೇ ಎಣಿಸಬೇಕು. ಮೇಲಿನ ವಾಹನವನ್ನೇ ತೆಗೆದುಕೊಂಡರೆ, ಜಿವಿಎಂ ಬಿಡುವ 850ರಲ್ಲಿ ಇದನ್ನು ಕಳೆದು 624 ಕಿಲೋ ಉಳಿಯುತ್ತದೆ; ಜಿಸಿಎಂ ಕಡೆಯಿಂದ 875 ಉಳಿಯುತ್ತದೆ. ಎರಡರಲ್ಲಿ ಕಡಿಮೆ ಇರುವುದೇ ನಿಮ್ಮ ಮಿತಿ. ಒಂದು ಸಂಸಾರಕ್ಕೂ ಅದರ ಸಾಮಾನಿಗೂ 624 ಧಾರಾಳವಾಗಿ ಸಾಕು. ಮೂರೂವರೆ ಟನ್ನಿಗೆ ಒಲ್ಲದ ವಾಹನವೇ 2800ಕ್ಕೆ ಒಗ್ಗಿತು ಎಂಬುದನ್ನು ಗಮನಿಸಬೇಕು. ಸ್ಪ್ರಿಂಗ್ ಬದಲಿಸಿ ಜಿವಿಎಂ ಹೆಚ್ಚಿಸಿಕೊಳ್ಳುವ ವ್ಯವಸ್ಥೆ ಅಲ್ಲುಂಟು, ಆದರೆ ಅದರಿಂದ ಜಿಸಿಎಂ ತಾನಾಗಿ ಹೆಚ್ಚುವುದಿಲ್ಲ. ವಾಹನ, ಟೋ ಬಾರ್, ಗುಂಡು, ಅದನ್ನು ಹಿಡಿಯುವ ಟ್ರೇಲರಿನ ಕಪ್ಲಿಂಗ್ ಇವುಗಳಲ್ಲಿ ಯಾವುದಕ್ಕೆ ಕಡಿಮೆ ಸಾಮರ್ಥ್ಯ ಬರೆದಿದೆಯೋ ಅದೇ ಇಡೀ ಜೋಡಿಯ ಸಾಮರ್ಥ್ಯ.

ಬ್ರೇಕಿನ ನಿಯಮಗಳು ಸ್ಪಷ್ಟವಾಗಿವೆ. ಹೇರಿದ ಟ್ರೇಲರಿನ ಚಕ್ರಗಳ ಮೇಲಿನ ಭಾರ 750 ಕಿಲೋ ದಾಟಿದರೆ ಟ್ರೇಲರಿಗೆ ಸ್ವಂತ ಬ್ರೇಕ್ ಇರಲೇಬೇಕು; 2000 ದಾಟಿದರೆ ಎಲ್ಲ ಚಕ್ರಗಳಿಗೂ ಬ್ರೇಕ್, ಅದನ್ನು ಚಾಲಕ ತನ್ನ ಜಾಗದಿಂದಲೇ ಹಾಕುವ ಏರ್ಪಾಡು, ಟ್ರೇಲರ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಬಿದ್ದು ಕನಿಷ್ಠ 15 ನಿಮಿಷ ಹಿಡಿದು ನಿಲ್ಲಿಸುವ ಸಾಧನ ಇರಬೇಕು. ಎಟಿಎಂ 2500 ಮೀರಿದರೆ ಸುರಕ್ಷತಾ ಸರಪಳಿ ಎರಡು. ಹೀಗಾಗಿ ನೀವು ಕೊಳ್ಳುವ ವಾಹನದಲ್ಲಿ, ಟ್ರೇಲರಿನ ಬ್ರೇಕನ್ನು ಚಾಲಕನ ಜಾಗದಿಂದ ಹಾಕಿಸುವ ಬ್ರೇಕ್ ಕಂಟ್ರೋಲರ್ ಅಳವಡಿಸಿದೆಯೇ ಎಂದು ಮೊದಲೇ ವಿಚಾರಿಸಿ. ಕ್ಯಾರವಾನ್‌ಗಳಲ್ಲಿ ಬಳಸುವ ಎಲೆಕ್ಟ್ರಿಕ್ ಡ್ರಮ್ ಬ್ರೇಕನ್ನು ಸಮುದ್ರದ ಉಪ್ಪುನೀರು ಬೇಗ ತಿಂದುಹಾಕುತ್ತದೆ. ದೊಡ್ಡ ದೋಣಿಯ ಟ್ರೇಲರಿಗೆ ಹೈಡ್ರಾಲಿಕ್ ಡಿಸ್ಕ್ ಬ್ರೇಕೇ ಸರಿ.

ಕ್ಯಾನ್‌ಬೆರಾದಿಂದ ಬೇಟ್‌ಮನ್ಸ್ ಬೇ ಸಮುದ್ರಕ್ಕೆ ಹೋಗುವ ಕಿಂಗ್ಸ್ ಹೈವೇ, ಕ್ಲೈಡ್ ಮೌಂಟನ್ ಬಳಿ ಕಡಿದಾಗಿ ಇಳಿಯುತ್ತದೆ. ಶಿರಾಡಿ ಘಾಟಿಯಲ್ಲಿ ಗಾಡಿ ಓಡಿಸಿದವರಿಗೆ ಆ ತಿರುವುಗಳು ಹೊಸತೆನಿಸಲಾರವು. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬ ನಮ್ಮ ಲಾರಿ ಚಾಲಕರ ಮಾತು ಅಲ್ಲಿಗೂ ಅಷ್ಟೇ ಅನ್ವಯಿಸುತ್ತದೆ. ಟ್ಯಾಂಕ್ ತುಂಬಿಸಿಕೊಂಡು ಹೊರಟ ದೋಣಿ ಇಳಿಜಾರಿನಲ್ಲಿ ಹಿಂದಿನಿಂದ ನೂಕುವಾಗ, ಹಗುರವಾದ ವಾಹನ ಓಲಾಡತೊಡಗುತ್ತದೆ. ಎಳೆಯುವ ವಾಹನದ ತೂಕ, ಎಳೆಯಲ್ಪಡುವ ಟ್ರೇಲರಿನ ತೂಕಕ್ಕಿಂತ ಕಡಿಮೆ ಇರಬಾರದೆಂಬ ನನ್ನ ಹಟ ಕಾನೂನಿನಲ್ಲಿ ಬರೆದಿರುವುದಲ್ಲ, ಅಂಥ ಇಳಿಜಾರುಗಳಲ್ಲಿ ಹುಟ್ಟಿದ್ದು.

ಇನ್ನು ವಾಹನಗಳ ಮಾತು. ಟೊಯೊಟಾ ಕ್ಲೂಗರ್‌ನಂಥ ಸಂಸಾರದ ವಾಹನಗಳ ಮಿತಿ 2000 ಕಿಲೋ. ಹಳೆಯ 150 ಸರಣಿಯ ಪ್ರಾಡೊಗೆ ಮೊದಲು 2500, ಅದರ ಕೊನೆಯ ವರ್ಷಗಳ ಆಟೋಮ್ಯಾಟಿಕ್ ಡೀಸೆಲ್ ಮಾದರಿಗಳಿಗೆ 3000, ಹೊಸ 250 ಸರಣಿಗೆ 3500. ಹಿಂದೆ ತೆರೆದ ತೊಟ್ಟಿಯಿರುವ ಪಿಕಪ್‌ಗಳಾದ ಹೈಲಕ್ಸ್, ರೇಂಜರ್, ಡಿ-ಮ್ಯಾಕ್ಸ್‌ಗಳ ನಾಲ್ಕು ಚಕ್ರ ಚಾಲನೆಯ ಡೀಸೆಲ್ ಮಾದರಿಗಳಿಗೆ 3500 ಇದೆ, ಆದರೆ ಅವುಗಳ ಹಿಂದಿನ ಅಚ್ಚಿಗೂ ಗುಂಡಿಗೂ ನಡುವೆ ದೂರ ಹೆಚ್ಚಾದ್ದರಿಂದ ಮೂತಿಯ ಭಾರ ಸನ್ನೆಕೋಲಿನಂತೆ ಮುಂದಿನ ಚಕ್ರಗಳನ್ನು ಎತ್ತಿ ಹಗುರಗೊಳಿಸುತ್ತದೆ. ಎರಡೂಮುಕ್ಕಾಲು ಟನ್ನಿನ ದೋಣಿಗೆ ನಾನಾದರೆ ಲ್ಯಾಂಡ್‌ಕ್ರೂಸರ್ ವ್ಯಾಗನನ್ನೇ, ಹಳೆಯದಾದರೂ ಸರಿ, ಆರಿಸುತ್ತೇನೆ. ದೋಣಿ ಮೂರೂವರೆ ಟನ್ ಮೀರಿದರೆ ರ‍್ಯಾಮ್ 1500 ಅಥವಾ ಎಫ್-150ಗಳಂಥ ಅಮೆರಿಕನ್ ಟ್ರಕ್ಕುಗಳು 70 ಮಿಲಿಮೀಟರ್ ಗುಂಡಿನೊಂದಿಗೆ 4500 ಕಿಲೋವರೆಗೆ ಎಳೆಯುತ್ತವೆ. ಆ ವರ್ಗದ ವಾಹನಗಳಿಗೂ ಸಾಧಾರಣ ಕಾರಿನ ಲೈಸೆನ್ಸ್ ಸಾಕು, ಏಕೆಂದರೆ ಅದು 4500 ಕಿಲೋ ಜಿವಿಎಂವರೆಗೆ ಅನ್ವಯಿಸುತ್ತದೆ. ಆದರೆ ಕ್ಯಾನ್‌ಬೆರಾ ಸುತ್ತಲಿನ ನ್ಯೂ ಸೌತ್ ವೇಲ್ಸ್‌ನಲ್ಲಿ ಜಿಸಿಎಂ 4500 ಮೀರಿದ ಜೋಡಿಯ ವೇಗ ಗಂಟೆಗೆ 100 ಕಿಲೋಮೀಟರ್ ದಾಟುವಂತಿಲ್ಲ. ದೋಣಿಯ ಅಗಲ 2.5 ಮೀಟರ್ ಮೀರಿದರೆ ಅದಕ್ಕೆ ಪ್ರತ್ಯೇಕ ನಿಯಮಗಳಿವೆ; ಅಂಥ ದೋಣಿಯ ಗೊಡವೆ ಹೊಸಬರಿಗೆ ಬೇಡವೆಂದೇ ನನ್ನ ಸಲಹೆ.

ದೋಣಿಯನ್ನು ನೀರಿಗಿಳಿಸುವ ಇಳಿಜಾರಿನ ಕಾಂಕ್ರೀಟು ಪಾಚಿಗಟ್ಟಿ ಜಾರುತ್ತಿರುತ್ತದೆ. ಮುಂಚಕ್ರ ಚಾಲನೆಯ ವಾಹನ ಅಲ್ಲಿ ಸೋಲುತ್ತದೆ, ಏಕೆಂದರೆ ಭಾರವೆಲ್ಲ ಹಿಂದಕ್ಕೆ ಸರಿದು ಎಳೆಯಬೇಕಾದ ಚಕ್ರವೇ ನೆಲ ಹಿಡಿಯುವುದಿಲ್ಲ. ನಾಲ್ಕು ಚಕ್ರ ಚಾಲನೆ ಮತ್ತು ನಿಧಾನಗತಿಯಲ್ಲಿ ಹೆಚ್ಚು ಎಳೆತ ಕೊಡುವ ಲೋ ರೇಂಜ್ ಗೇರು ಎರಡೂ ಇರುವ ವಾಹನದಲ್ಲಿ ನಿಧಾನವಾಗಿ, ಎಂಜಿನ್ ಕಿರುಚಿಸದೆ ಮೇಲೆ ಬರಬಹುದು.

ಕೊಳ್ಳುವ ಕ್ರಮದಲ್ಲಿ ಒಂದು ಬದಲಾವಣೆ ಮಾಡಿಕೊಳ್ಳಿ. ಹಾಸನದಲ್ಲಿ ಆಲೂಗೆಡ್ಡೆಯ ಲಾರಿಯನ್ನು ತೂಕ ಹಾಕಿಸಿ ಚೀಟಿ ಪಡೆದ ಮೇಲೆಯೇ ಬೆಲೆ ಮಾತನಾಡುವಂತೆ, ದೋಣಿ ನಿಶ್ಚಯವಾದ ಕೂಡಲೇ ಅದನ್ನು ಇಂಧನ ತುಂಬಿಸಿ, ಟ್ರೇಲರ್ ಸಮೇತ ಸಾರ್ವಜನಿಕ ವೇಬ್ರಿಡ್ಜ್‌ಗೆ ಒಯ್ಯಲು ಮಾರುವವರನ್ನು ಕೇಳಿ. ಆ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ವಾಹನದ ಅಂಗಡಿಗೆ ಹೋಗಿ. ನನ್ನ ಅಕ್ಕನ ಮಗ ಈಗ ವಾಹನದ ಮುಂಗಡವನ್ನು ತಡೆಹಿಡಿದು, ಆ ಚೀಟಿಗಾಗಿ ಕಾಯುತ್ತಿದ್ದಾನೆ.