ಡಿ850 ಮೇಲೆ ಹಳೇ ಡಿಎಕ್ಸ್ ಲೆನ್ಸ್: ನಾನು ಬಳಸುವ ಬಗೆ

ಚಿಕ್ಕ ಸೆನ್ಸರ್‌ನ ನಿಕಾನ್ ಡಿ7200 ಬಳಸುತ್ತಿದ್ದವನು ಫುಲ್ ಫ್ರೇಮ್ (ದೊಡ್ಡ ಸೆನ್ಸರ್, ನಿಕಾನ್ ಭಾಷೆಯಲ್ಲಿ ಎಫ್‌ಎಕ್ಸ್) ಡಿ850 ಕೊಂಡಾಗ, ಚಿಕ್ಕ ಸೆನ್ಸರ್‌ಗೆಂದೇ ಮಾಡಿದ ಡಿಎಕ್ಸ್ ಲೆನ್ಸ್‌ಗಳನ್ನೆಲ್ಲ ಮಾರಿಬಿಡು ಎಂದು ಗೆಳೆಯರು ಹೇಳಿದರು. ನಾನು ಮಾರಲಿಲ್ಲ. ಹಾಕಿ ನೋಡದೆ ಮಾರಲು ಮನಸ್ಸು ಬರಲಿಲ್ಲ.

ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ ಡಿಎಕ್ಸ್ ಲೆನ್ಸ್ ಫುಲ್ ಫ್ರೇಮ್ ಬಾಡಿಗೆ ಸಲೀಸಾಗಿ ಕೂರುತ್ತದೆ. ಕ್ಯಾನನ್ 5ಡಿ, 6ಡಿ ಇಟ್ಟುಕೊಂಡವರಿಗೆ ಈ ಅನುಕೂಲವಿಲ್ಲ. ಕ್ಯಾನನ್‌ನ ಚಿಕ್ಕ ಸೆನ್ಸರ್‌ಗೆ ಮಾಡಿದ ಇಎಫ್-ಎಸ್ ಲೆನ್ಸ್‌ನ ಬಿಳಿ ಚೌಕಕ್ಕೆ ಹೊಂದುವ ಗುರುತೇ ಆ ಬಾಡಿಗಳಲ್ಲಿ ಇಲ್ಲ.

ಲೆನ್ಸ್ ಕೂರುತ್ತದೆ ನಿಜ, ಆದರೆ ಅದು ಬೀಳಿಸುವ ಬೆಳಕಿನ ವೃತ್ತ ಚಿಕ್ಕದು. ಡಿಎಕ್ಸ್ ಚೌಕಟ್ಟಿನ ಕರ್ಣ ಸುಮಾರು 28 ಮಿ.ಮೀ., ಫುಲ್ ಫ್ರೇಮ್‌ನದು 43. ಅದಕ್ಕೇ ಕ್ಯಾಮೆರಾ ತಾನಾಗಿಯೇ ಡಿಎಕ್ಸ್ ಕ್ರಾಪ್‌ಗೆ ಹೋಗುತ್ತದೆ, ಅಂದರೆ ಸೆನ್ಸರ್‌ನ ನಡುಭಾಗವನ್ನಷ್ಟೇ ಬಳಸುತ್ತದೆ. 45.7 ಮೆಗಾಪಿಕ್ಸೆಲ್ ಇದ್ದದ್ದು 19.5ಕ್ಕೆ ಇಳಿಯುತ್ತದೆ. ಅರ್ಧಕ್ಕಿಂತ ಜಾಸ್ತಿ ಹೋಯಿತು, ಅಲ್ವಾ?

ನಾನು ಇಮೇಜ್ ಏರಿಯಾ ಮೆನುಗೆ ಹೋಗಿ ಆಟೋ ಡಿಎಕ್ಸ್ ಕ್ರಾಪ್ ಆಫ್ ಮಾಡಿದೆ. 35 ಮಿ.ಮೀ. ಎಫ್/1.8ಜಿ ಡಿಎಕ್ಸ್ ಲೆನ್ಸ್ ಹಾಕಿ, ಹಗಲು ಬೆಳಕಿನಲ್ಲಿ ಸುಣ್ಣ ಬಳಿದ ಗೋಡೆಗೆ ಹಿಡಿದೆ. ಒಂದೊಂದು ಅಪರ್ಚರ್‌ನಲ್ಲೂ (ಬೆಳಕು ಬರುವ ಕಿಂಡಿಯ ಅಳತೆ) ತೆಗೆದು, ಸ್ಕ್ರೀನ್ ಮೇಲೆ ಮೂಲೆಗಳನ್ನು ಹಿಗ್ಗಿಸಿ ನೋಡಿದೆ. ಪೂರ್ತಿ ತೆರೆದ ಎಫ್/1.8ರಲ್ಲಿ ಮೂಲೆಗಳ ಕಪ್ಪು ಮೆಲ್ಲಗೆ ಹರಡಿಕೊಂಡಿರುತ್ತದೆ. ಎಫ್/8ಕ್ಕೆ ಹೋದರೆ ಅದೇ ಕಪ್ಪಿಗೆ ಕತ್ತರಿಸಿದ ಹಾಗೆ ಅಂಚು ಬರುತ್ತದೆ. ಆದ್ದರಿಂದ ಲೆನ್ಸ್ ಪರೀಕ್ಷಿಸುವವರು ಪೂರ್ತಿ ತೆರೆದ ಅಪರ್ಚರ್ ಒಂದನ್ನೇ ನೋಡಿ ತೀರ್ಮಾನಿಸಬಾರದು. ದೂರಕ್ಕೂ ಹತ್ತಿರಕ್ಕೂ ಫೋಕಸ್ ಮಾಡಿ ನೋಡಬೇಕು.

ಈ ಲೆನ್ಸ್‌ಗೆ ನಾನು ಈಗ ಬಳಸುವುದು 1:1 ಚೌಕ. ಡಿ850ರಲ್ಲಿ 24x24 ಮಿ.ಮೀ. ಎಂಬ ಆಯ್ಕೆ ಇದೆ. ಕರ್ಣ ಸುಮಾರು 34 ಮಿ.ಮೀ., ಹಾಗಾಗಿ ಕಪ್ಪಾಗುವ ಮೂಲೆಗಳು ಬಹುಪಾಲು ಹೊರಗೇ ಉಳಿಯುತ್ತವೆ. ಆದರೂ ಸಿಗುವುದು 30 ಮೆಗಾಪಿಕ್ಸೆಲ್! ಮನೆಯವರ ಮುಖಗಳಿಗೆ ಈ ಚೌಕ ತುಂಬ ಚೆನ್ನಾಗಿ ಒಪ್ಪುತ್ತದೆ. 36 ಮಿ.ಮೀ. ಕರ್ಣದ 1.2 ಕ್ರಾಪ್ ಕೂಡ ಇದೆ. ಟೋಕಿನಾ 11-16 ಮಿ.ಮೀ. ಡಿಎಕ್ಸ್ ಲೆನ್ಸ್‌ಗಂತೂ ಯಾವ ಕ್ರಾಪ್ ಕೂಡ ಬೇಡ, 16 ಮಿ.ಮೀ.ನಲ್ಲಿ ಪೂರ್ತಿ ಫ್ರೇಮ್ ತುಂಬುತ್ತದೆ.

ರಂಗನತಿಟ್ಟಿನ ದೋಣಿಯಲ್ಲಿ ಕ್ರಾಪ್ ಮೋಡ್ ಬಳಸುವುದೇ ಬೇರೆ ಕಾರಣಕ್ಕೆ. ಅಲ್ಲಿ ಹಾಕುವುದು ಎಫ್‌ಎಕ್ಸ್ ಲೆನ್ಸೇ, 200-500 ಮಿ.ಮೀ. ಜೂಮ್. ಡಿಎಕ್ಸ್‌ನಲ್ಲಿ ಅದರ 500ರ ನೋಟ 750 ಮಿ.ಮೀ.ಗೆ ಸಮ. ಆದರೆ ಹಕ್ಕಿ ಒಂದಿಂಚೂ ಹತ್ತಿರ ಬರುವುದಿಲ್ಲ. ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ಕತ್ತರಿಸಿದರೂ ಅದೇ ಚಿತ್ರ. ಲಾಭ ಇರುವುದು ಬೇರೆ ಕಡೆ: ಫೈಲ್ ಚಿಕ್ಕದು, ಬಫರ್ (ಕಾರ್ಡಿಗೆ ಹೋಗುವ ಮೊದಲು ಚಿತ್ರಗಳು ಕಾಯುವ ಜಾಗ) ಬೇಗ ತುಂಬುವುದಿಲ್ಲ, ಫೋಕಸ್ ಪಾಯಿಂಟ್‌ಗಳು ಹೆಚ್ಚುಕಡಿಮೆ ಇಡೀ ಫ್ರೇಮ್ ಆವರಿಸುತ್ತವೆ. ವ್ಯೂಫೈಂಡರ್‌ನಲ್ಲಿ ಚೌಕಟ್ಟಿನ ಆಚೆಗೂ ಕಾಣುವುದರಿಂದ, ಗೂಡಿಗೆ ಮರಳುವ ಬಣ್ಣದ ಕೊಕ್ಕರೆ ಒಳಗೆ ಬರುವ ಮೊದಲೇ ಸಿಗುತ್ತದೆ. ಇದು ನನಗೆ ಎಲ್ಲಕ್ಕಿಂತ ಇಷ್ಟ. ಆದರೆ ಚೌಕಟ್ಟಿನಿಂದ ಬಿಟ್ಟುಹೋದ ರೆಕ್ಕೆ ರಾ ಫೈಲಿನಲ್ಲೂ (ಸೆನ್ಸರ್‌ನ ಕಚ್ಚಾ ಫೈಲ್) ಇರುವುದಿಲ್ಲ. ಹತ್ತಿರದ ಪೆಲಿಕನ್‌ಗೆ ಎಫ್‌ಎಕ್ಸ್‌ಗೆ ಮರಳುತ್ತೇನೆ.

24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಡಿ750ಯಲ್ಲಿ ಈ ಕ್ರಾಪ್ ಕೊಡುವುದು ಬರೀ 10.3. ದೂರದ ಹಕ್ಕಿಗೆ, ಪಿಕ್ಸೆಲ್‌ಗಳನ್ನೆಲ್ಲ ಡಿಎಕ್ಸ್ ಅಳತೆಯಲ್ಲೇ ತುಂಬಿರುವ ನನ್ನ ಹಳೇ ಡಿ7200 ಅದಕ್ಕಿಂತ ಎಷ್ಟೋ ಮೇಲು.

ನಿಕಾನ್‌ನ ಝಡ್ (ಮಿರರ್‌ಲೆಸ್) ಬಾಡಿ ಇರುವವರಿಗೆ ಒಂದು ಮಾತು. ಅಲ್ಲಿ ಡಿಎಕ್ಸ್ ಲೆನ್ಸ್ ಹಾಕಿದರೆ ಕ್ಯಾಮೆರಾ ಡಿಎಕ್ಸ್‌ಗೇ ಬೀಗ ಹಾಕುತ್ತದೆ. ನನ್ನ ಈ 1:1 ದಾರಿ ಅಲ್ಲಿ ತೆರೆಯುವುದಿಲ್ಲ.