ಸುರುಳಿ ಸುತ್ತಿಟ್ಟವನು ನಾನೇ

ಹದಿನಾರು ವರ್ಷದಿಂದ ಫೈಬರ್, ಅಂದರೆ ಇಂಟರ್ನೆಟ್ ಕೇಬಲ್ಲಿನೊಳಗಿನ ಗಾಜಿನ ಎಳೆ, ಜಾಯಿಂಟ್ ಮಾಡುತ್ತಿದ್ದೇನೆ. ಜೆಸಿಬಿ ಎಲ್ಲಿ ಕೇಬಲ್ ಕಿತ್ತು ಹಾಕುತ್ತದೋ ಅಲ್ಲಿಗೆ ಎಳೆ ಬೆಸೆಯುವ ಸ್ಪ್ಲೈಸಿಂಗ್ ಮಷಿನ್ ಹೊತ್ತುಕೊಂಡು ಓಡುವುದೇ ನನ್ನ ಕೆಲಸ. ಶಿವಮೊಗ್ಗದ ತೀರ್ಥಹಳ್ಳಿ ರಸ್ತೆಯಲ್ಲಿ ಖಾಲಿ ಬಿದ್ದಿದ್ದ ಒಂದು ಎಳೆ ಹಿಡಿದು ನೆಲದ ನಡುಕ ಅಳೆಯುತ್ತೇವೆ ಅಂತ ಒಂದು ತಂಡ ಬಂತು. ಗಾಜನೂರು ಕಡೆಯಿಂದ ಮಂಡಗದ್ದೆ ದಿಕ್ಕಿಗೆ ಸುಮಾರು 14 ಕಿ.ಮೀ. ತುದಿ ಜೋಡಿಸಿ ಕೊಟ್ಟರೆ ನನ್ನ ಕೆಲಸ ಮುಗೀತು ಅಂದುಕೊಂಡಿದ್ದೆ.

ವಿಷಯ ಇಷ್ಟೇ. ಎಳೆಯೊಳಗೆ ಲೇಸರ್ ಬಿಟ್ಟರೆ ಗಾಜಿನ ಸಣ್ಣಪುಟ್ಟ ಏರುಪೇರಿಗೆ ತಾಗಿ ಚೂರುಪಾರು ಬೆಳಕು ವಾಪಸ್ ಬರುತ್ತದೆ. ನೆಲ ಅಲುಗಿ ಎಳೆ ಕಣ್ಣಿಗೆ ಕಾಣದಷ್ಟು ಹಿಗ್ಗಿದರೂ ಆ ಬೆಳಕಿನ ಲಯ ತಪ್ಪುತ್ತದೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಎಷ್ಟು ಹೊತ್ತಿಗೆ ವಾಪಸ್ ಬಂತು ಅಂತ ನೋಡಿದರೆ ಅಲುಗಿದ್ದು ಎಷ್ಟು ದೂರದಲ್ಲಿ ಅಂತ ಸಿಗುತ್ತದೆ.

ಮೊದಲ ದಿನ ಕಾಟ ಕೊಟ್ಟದ್ದು ಕನೆಕ್ಟರ್. ಇಂಟರ್ನೆಟ್‌ಗೆ ನಡೆಯುವ ನೀಲಿ ಕನೆಕ್ಟರ್ ಇಲ್ಲಿ ನಡೆಯಲ್ಲ. ಅದರ ತುದಿಯಿಂದ ಬೆಳಕು ಹಿಂದಕ್ಕೆ ಹೊಡೆದು ನಡುಕ ಅಳೆಯುವ ಮಷಿನ್‌ನ ಕಣ್ಣು ಕುಕ್ಕುತ್ತದೆ. ತುದಿ ಓರೆಯಾಗಿರುವ ಹಸಿರು ಕನೆಕ್ಟರ್ ಹಾಕಿದ ಮೇಲೆ ಸ್ಕ್ರೀನ್ ಜೀವ ಪಡೆಯಿತು. ಅದರಲ್ಲಿ ಒಂದು ಕಡೆ ದೂರ, ಇನ್ನೊಂದು ಕಡೆ ಸಮಯ. ಬಸ್ಸು ಬಂದರೆ ಓರೆಗೆರೆ. ಗೆರೆ ಎಷ್ಟು ಓರೆಯೋ ಅದರಲ್ಲೇ ಬಸ್ಸಿನ ವೇಗ. ದಾರಿಯಲ್ಲಿರುವ ಸಕ್ರೆಬೈಲು ಬಿಡಾರದ ಆನೆ ಹೆಜ್ಜೆ ಕಾಣುತ್ತದಾ ಅಂತ ಎಲ್ಲರೂ ಕಾದು ಕೂತೆವು. ಬಿಡಾರ ಹೊಳೆ ಪಕ್ಕ, ಕೇಬಲ್ ರಸ್ತೆ ಪಕ್ಕ. ಏನೂ ಕಾಣಲಿಲ್ಲ.

ನಿಜವಾದ ತಲೆನೋವು ಬೇರೆಯೇ ಇತ್ತು: ಸ್ಕ್ರೀನಿನ ದೂರವನ್ನು ರಸ್ತೆಯ ಮ್ಯಾಪಿಗೆ ಹೊಂದಿಸುವುದು. ನೆಲದ ಮೇಲೆ ಕಬ್ಬಿಣದ ತಟ್ಟೆ ಇಟ್ಟು ದೊಡ್ಡ ಸುತ್ತಿಗೆಯಿಂದ ಐದು ಪೆಟ್ಟು ಹೊಡೆಯುವುದು, ಅದು ಸ್ಕ್ರೀನಿನಲ್ಲಿ ಎಷ್ಟನೇ ಮೀಟರ್‌ನಲ್ಲಿ ಬಂತು ಅಂತ ಬರೆದುಕೊಳ್ಳುವುದು. ಏಳನೇ ಚೇಂಬರ್ (ಕೇಬಲ್ ಸಿಗುವ ಮುಚ್ಚಳದ ಗುಂಡಿ) ಹತ್ತಿರ ಹೊಡೆದಾಗ ಸ್ಕ್ರೀನ್ ನೋಡುತ್ತಿದ್ದ ತಂಡದ ಹುಡುಗ ಫೋನ್ ಮಾಡಿದ: "ಅಣ್ಣಾ, ನೀವು ಮ್ಯಾಪಿಗಿಂತ 120 ಮೀಟರ್ ಮುಂದೆ ಕಾಣ್ತಿದ್ದೀರಲ್ಲ?"

ಮುಚ್ಚಳ ಎತ್ತಿ ನೋಡಿದೆ. ಒಳಗೆ ದಪ್ಪ ಸುರುಳಿ, ಮೇಲೆ ಒಂದು ಕಪ್ಪೆ. ಮುಂದೆ ಕಟ್ ಆದರೆ ಎಳೆಯಲು ಬೇಕು ಅಂತ ಪ್ರತಿ ಚೇಂಬರ್‌ನಲ್ಲೂ 15, 20 ಮೀಟರ್ ಸುತ್ತಿಡುತ್ತೇವಲ್ಲ, ಅದು. ಈ ಲೈನಿನಲ್ಲಿ ಸುತ್ತಿಟ್ಟವನು ನಾನೇ! ಎಲ್ಲೂ ಬರೆದಿಟ್ಟಿರಲಿಲ್ಲ. ಬೆಳಕು ಆ ಸುತ್ತುಗಳನ್ನೂ ದಾರಿ ಅಂತಲೇ ಲೆಕ್ಕ ಹಾಕಿತ್ತು. ಮೂರು ದಿನ ಒಂದೊಂದೇ ಚೇಂಬರ್ ತೆಗೆದು ಸುತ್ತು ಎಣಿಸಿದೆವು. ಕೇಬಲನ್ನು ಪೈಪಿನಲ್ಲಿ ಹಾಕಿ ಮೋರಿಗೆ ಕಟ್ಟಿದ್ದ ಕಡೆ ಗದ್ದಲ ಜಾಸ್ತಿ, ಆ ಭಾಗ ಬಿಟ್ಟೆವು.

ಐದನೇ ದಿನ ಮಧ್ಯಾಹ್ನ ಎಲ್ಲೋ ಕ್ವಾರಿಯಲ್ಲಿ ಸಿಡಿಸಿದರು. ಬಸ್ಸಿಗೆ ಇಪ್ಪತ್ತು ನಿಮಿಷ ಬೇಕಾದ ದೂರವನ್ನು ಆ ಅಲೆ ನಾಲ್ಕೈದು ಸೆಕೆಂಡಿನಲ್ಲಿ ದಾಟಿತ್ತು. ಹತ್ತಿರದ ಭಾಗ ಮೊದಲು ನಡುಗಿ, ಎರಡೂ ಕಡೆ ಬಿಲ್ಲಿನ ಹಾಗೆ ಬಾಗಿದ ಗೆರೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಹತ್ತಿರದ ಹುಣಸೋಡಿನಲ್ಲಿ ಕ್ವಾರಿಯ ಸಿಡಿಮದ್ದು ಸ್ಫೋಟಿಸಿದಾಗ ಭೂಕಂಪ ಅಂತ ನಾವೆಲ್ಲ ಮನೆಯಿಂದ ಹೊರಗೆ ಓಡಿದ್ದು ನೆನಪಾಯಿತು. ಮಳೆ ಹಿಡಿದ ಮೇಲೆ ಸ್ಕ್ರೀನ್ ತುಂಬ ಹನಿಗಳ ಸದ್ದೇ. ತಂಡ ಗಂಟುಮೂಟೆ ಕಟ್ಟಿತು.

ಈಗ ಚೇಂಬರ್ ಮುಚ್ಚುವ ಮುಂಚೆ ಎಷ್ಟು ಸುತ್ತು, ಎಷ್ಟು ಮೀಟರ್ ಅಂತ ಮುಚ್ಚಳದ ಒಳಗೆ ಪೇಂಟಿನಲ್ಲಿ ಬರೆಯುತ್ತೇನೆ.