ಪಂಚಾಂಗ ನೋಡಿ ಮತ್ತೆ ಅಂಡಮಾನ್‌ಗೆ: ಬೆಳೆದ ಮಕ್ಕಳ ಜೊತೆ ನನ್ನ ಅನುಭವ

ಒಮ್ಮೆ ನೋಡಿ ಬಂದ ದ್ವೀಪಕ್ಕೆ ಹದಿಹರೆಯದ ಮಕ್ಕಳನ್ನು ಮತ್ತೆ ಕರೆದುಕೊಂಡು ಹೋಗಬೇಡ, ಬೇಜಾರು ಮಾಡ್ಕೋತಾರೆ ಅಂತ ನನಗೆ ಹೇಳದವರೇ ಇರಲಿಲ್ಲ. ಭಾವನವರು ‘ಅದೇ ದುಡ್ಡಲ್ಲಿ ಥಾಯ್ಲೆಂಡ್ ಆಗುತ್ತೆ ನೋಡಮ್ಮ’ ಅಂದರು. ನಾನು ಬರೆದುಕೊಂಡು ಹೋಗಿದ್ದ ದಿನಗಳ ಪಟ್ಟಿ ನೋಡಿದ ಟ್ರಾವೆಲ್ ಏಜೆಂಟ್, ‘ಮೇಡಂ, ಹ್ಯಾವ್‌ಲಾಕ್ ದ್ವೀಪಕ್ಕೆ ಎರಡು ರಾತ್ರಿ ಸಾಕು, ಇಷ್ಟು ದಿನ ಅಲ್ಲಿ ಏನು ಮಾಡ್ತೀರಾ’ ಅಂತ ಕಾಗದ ವಾಪಸ್ ಕೊಟ್ಟರು. ಏಪ್ರಿಲ್‌ನಲ್ಲಿ ನನ್ನ ಪಟ್ಟಿಯ ಪ್ರಕಾರವೇ ಹೋಗಿ ಬಂದೆವು. ಮಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮುಗಿಸಿದ್ದಳು, ಮಗ ಎಂಟನೇ ಕ್ಲಾಸು ಮುಗಿಸಿದ್ದ. ಹೊರಡುವ ದಿನ ಇಬ್ಬರೂ ಇನ್ನೂ ಎರಡು ದಿನ ಇರೋಣ ಅಂತ ಹಟ ಹಿಡಿದರು. ನನ್ನ ಲೆಕ್ಕ ಸರಿ ಅಂತ ನನಗೆ ಗೊತ್ತಾಗಿದ್ದು ಆವಾಗಲೇ.

ಫೆರ್ರಿ ಟಿಕೆಟ್ ಎಲ್ಲಿ ಸಿಗುತ್ತೆ, ರಾಧಾನಗರ ಬೀಚಿಗೆ ಹೇಗೆ ಹೋಗೋದು, ಇವೆಲ್ಲ ಒಮ್ಮೆ ಹೋಗಿ ಬಂದವರಿಗೆ ಗೊತ್ತಿರುವ ಸಂಗತಿ. ಮಕ್ಕಳು ಚಿಕ್ಕವರಿದ್ದಾಗ ಪ್ಯಾಕೇಜ್ ಟೂರ್ ಚೆನ್ನಾಗಿಯೇ ಇತ್ತು. ಮರಳು, ಬಕೆಟ್ಟು, ಐಸ್‌ಕ್ರೀಮ್ ಇದ್ದರೆ ಅವರಿಗೆ ಸಾಕಾಗಿತ್ತು. ಬೆಳೆದ ಮಕ್ಕಳಿಗೆ ನೋಡುವ ಜಾಗಕ್ಕಿಂತ ಮಾಡುವ ಕೆಲಸ ಬೇಕು. ಅದಕ್ಕೆ ಜಾಗಗಳ ಪಟ್ಟಿ ಪಕ್ಕಕ್ಕಿಟ್ಟು ಮನೆಯ ಗೋಡೆ ಮೇಲಿನ ಕ್ಯಾಲೆಂಡರ್ ಹಿಡಿದು ಕೂತೆ.

ಲೆಕ್ಕ ಇಷ್ಟೇ. ಅಷ್ಟಮಿ ಆಸುಪಾಸಿನಲ್ಲಿ ಉಬ್ಬರ-ಇಳಿತದ ಏರಿಳಿತ ಸಣ್ಣದು, ಸೆಳೆತ ಕಡಿಮೆ. ನೀರಿಗಿಳಿದು ಕಲಿಯುವವರಿಗೆ ಆ ದಿನಗಳೇ ಒಳ್ಳೆಯವು. ಬಹುಳ ಪಂಚಮಿ ದಾಟಿದರೆ ಚಂದ್ರ ಹುಟ್ಟುವುದು ತಡ, ಸಂಜೆಯೆಲ್ಲ ಗಾಢ ಕತ್ತಲೆ. ರಾತ್ರಿ ಸಮುದ್ರದ ನೀರು ತಾನೇ ಬೆಳಗುವುದನ್ನು ನೋಡಬೇಕಿದ್ದರೆ ಆ ಕತ್ತಲೆ ಬೇಕೇ ಬೇಕು. ಅಮಾವಾಸ್ಯೆ ಹತ್ತಿರ ಬಂದ ಹಾಗೆ ಇಳಿತ ಜೋರಾಗುತ್ತದೆ. ಅಲ್ಲಿ ಸುಮಾರು ಎರಡು ಮೀಟರ್‌ವರೆಗೆ ನೀರು ಏರಿ ಇಳಿಯುತ್ತದೆ. ನೀಲ್ ದ್ವೀಪದ ಹವಳದ ಹಾಸು ಬಯಲಿಗೆ ಬರುವುದು ಆಗ. ಅಂದರೆ ಬಹುಳ ಸಪ್ತಮಿ ಹೊತ್ತಿಗೆ ಹ್ಯಾವ್‌ಲಾಕ್ ಸೇರಿ, ಅಮಾವಾಸ್ಯೆ ಹೊತ್ತಿಗೆ ನೀಲ್‌ನಲ್ಲಿದ್ದರೆ ಮೂರೂ ಕೆಲಸ ಒಂದೇ ಪ್ರವಾಸದಲ್ಲಿ ಆಗುತ್ತದೆ. 2018ರಿಂದ ಈ ಎರಡು ದ್ವೀಪಕ್ಕೆ ಕ್ರಮವಾಗಿ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಅಂತ ಹೆಸರಿದೆ. ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ. ತಿಥಿ ನೋಡಿಕೊಂಡ ಮೇಲೆ ಟೈಡ್ ಟೇಬಲ್ (ಉಬ್ಬರ-ಇಳಿತದ ವೇಳಾಪಟ್ಟಿ) ಬಿಡಿಸಿ ಗಂಟೆ ನೋಡಿಕೊಳ್ಳಬೇಕು. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ.

ಇದಕ್ಕೂ ಮುಂಚೆ ಡಿಸೆಂಬರ್‌ಗೆ ಹಾಕಿಕೊಂಡಿದ್ದ ಪ್ಲಾನ್ ಬಿದ್ದುಹೋಗಿತ್ತು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ, ಫೆರ್ರಿಗಳು ಬಂದ್. ವಿಮಾನದ ಟಿಕೆಟ್ ರದ್ದು ಮಾಡಿದ್ದಕ್ಕೆ ಹದಿನೈದು ಸಾವಿರದ ಹತ್ತಿರ ಕೈಬಿಟ್ಟಿತು. ರೂಮಿನ ಅಡ್ವಾನ್ಸ್ ಒಂದು ಕಡೆ ಬಂತು, ಇನ್ನೊಂದು ಕಡೆಯವರು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಏಪ್ರಿಲ್ ಸೆಕೆ ನಿಜ, ಆದರೆ ಸಮುದ್ರ ಶಾಂತ, ನೀರು ತಿಳಿ, ಶಾಲೆಗೂ ರಜೆ. ಸೆಕೆಗೆ ಹೆದರಿ ಏಪ್ರಿಲ್ ಬಿಡುವವರಿಗೆ ನಾನು ಒಪ್ಪುವುದಿಲ್ಲ. ಜನವರಿಯಲ್ಲೇ ಬುಕ್ ಮಾಡಿದ್ದಕ್ಕೆ ಬೆಂಗಳೂರಿನಿಂದ ಹೋಗಿ ಬರುವ ಟಿಕೆಟ್ ತಲೆಗೆ ಹದಿನಾರು ಸಾವಿರದ ಆಸುಪಾಸಿಗೆ ಸಿಕ್ಕಿತು.

ಈಗ ನೀರೊಳಗೆ ನೋಡಲು ಮುಖಕ್ಕೆ ಹಾಕುವ ಮಾಸ್ಕ್ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಮಗಳಿಗೆ ಕನ್ನಡಕ, ಪವರ್ ಮೈನಸ್ ಮೂರೂವರೆ. ಮೊದಲ ಸಲ ಹೋದಾಗ ಅವಳಿಗಿನ್ನೂ ಕನ್ನಡಕ ಇರಲಿಲ್ಲ. ಈ ಸಲ ಬಾಡಿಗೆ ಮಾಸ್ಕ್ ಹಾಕಿದರೆ ಅವಳಿಗೆ ಕಾಣುವುದು ಬಣ್ಣದ ಮಬ್ಬು ಮಾತ್ರ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಸಮುದ್ರಕ್ಕೆ ಇಳಿಯುವುದು ಬೇಡವೇ ಬೇಡ ಅಂತ ಕಣ್ಣಿನ ಡಾಕ್ಟರ್ ಹೇಳಿದರು, ಸೋಂಕಿನ ಭಯ. ಪವರ್ ಗ್ಲಾಸ್ ಇರುವ ಸ್ನಾರ್ಕೆಲಿಂಗ್ ಮಾಸ್ಕ್ ಸಿಗುತ್ತದೆ, ಅರ್ಧರ್ಧ ಪವರ್ ಲೆಕ್ಕದಲ್ಲಿ. ನೀರೊಳಗೆ ವಸ್ತುಗಳು ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ ಕಾಣುವುದರಿಂದ ಮೂರರ ಗ್ಲಾಸೇ ಸಾಕಾಯಿತು. ಮೂರೂವರೆ ಸಾವಿರ ಚಿಲ್ಲರೆ ಕೊಟ್ಟೆ. ಇಡೀ ಪ್ರವಾಸದಲ್ಲಿ ಅತಿ ಸಾರ್ಥಕವಾದ ದುಡ್ಡು ಅದು. ಹೊಸ ಮಾಸ್ಕಿನ ಗಾಜಿನ ಒಳಮೈಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಚೆನ್ನಾಗಿ ಉಜ್ಜಿ ತೊಳೆಯಬೇಕು, ಇಲ್ಲದಿದ್ದರೆ ಕಾರ್ಖಾನೆಯ ಪೊರೆ ಹಾಗೇ ಉಳಿದು ಗಾಜು ಮಂಜಾಗುತ್ತದೆ. ಸೈಜು ನೋಡಲು ಪಟ್ಟಿ ಹಾಕದೆ ಮುಖಕ್ಕೆ ಹಿಡಿದು ಮೂಗಿನಿಂದ ಉಸಿರು ಎಳೆದುಕೊಳ್ಳಿ. ಕೈ ಬಿಟ್ಟರೂ ಅಂಟಿಕೊಂಡು ನಿಂತರೆ ಸರಿ. ಹಣೆಯ ನಾಲ್ಕು ಕೂದಲು ರಬ್ಬರಿನಡಿ ಸಿಕ್ಕರೂ ನೀರು ಒಳಗೆ ಬರುತ್ತದೆ. ನಮ್ಮ ಬಚ್ಚಲುಮನೆಯಲ್ಲಿ ದೊಡ್ಡ ಟಬ್ಬಿಗೆ ನೀರು ತುಂಬಿ ಮಕ್ಕಳಿಬ್ಬರೂ ಮುಖ ಮುಳುಗಿಸಿ ಒಂದು ವಾರ ಅಭ್ಯಾಸ ಮಾಡಿದರು.

ಮಗಳದು ಸ್ಕೂಬಾ ಓಪನ್ ವಾಟರ್ ಕೋರ್ಸ್, ಗಾಳಿ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಸಮುದ್ರದಾಳಕ್ಕೆ ಇಳಿಯಲು ಕಲಿಸುವ ಮೊದಲ ಹಂತ. ಹದಿನೈದು ತುಂಬಿದವರಿಗೆ ಪೂರ್ತಿ ಸರ್ಟಿಫಿಕೇಟು, 18 ಮೀಟರ್ ಆಳದವರೆಗೆ. ಥಿಯರಿಯನ್ನು ಮನೆಯಲ್ಲೇ ಆನ್‌ಲೈನ್‌ನಲ್ಲಿ ಮುಗಿಸಿಕೊಂಡು ಹೋದಳು, ಅಲ್ಲಿನ ಒಂದು ದಿನ ಉಳಿಯಿತು. ಕೋರ್ಸಿಗೆ ಇಪ್ಪತ್ತೆಂಟು ಸಾವಿರದಷ್ಟು. ಚಿಕ್ಕಂದಿನಲ್ಲಿ ಅವಳಿಗೆ ವೀಸಿಂಗ್ ಇತ್ತು, ಆರೋಗ್ಯದ ಫಾರಂನಲ್ಲಿ ಅದನ್ನು ಮುಚ್ಚಿಡದೆ ಬರೆಯಬೇಕು, ಅಂಥದ್ದಕ್ಕೆ ಡಾಕ್ಟರ್ ಸಹಿ ಕೇಳಬಹುದು. ಆ ಸಹಿಯನ್ನು ಊರಲ್ಲೇ ಮಾಡಿಸಿಕೊಂಡು ಹೋಗಿದ್ದೆ. ನಮ್ಮ ಜೊತೆಗಿದ್ದ ಒಂದು ಕುಟುಂಬದ ಹುಡುಗ ಆ ಕಾಗದವಿಲ್ಲದೆ ದಡದಲ್ಲೇ ಕೂರಬೇಕಾಯಿತು.

ಮಗನ ವಿಷಯದಲ್ಲಿ ಮಾತ್ರ ಲೆಕ್ಕ ಕೈಗೂಡಲಿಲ್ಲ. ಅವನದು ಒಂದೇ ಡೈವ್, ಕಲಿಸುವವರ ಜೊತೆ. ಎರಡು ದಿನದ ಹಿಂದೆ ಹಿಡಿದಿದ್ದ ನೆಗಡಿ ಬಿಟ್ಟಿರಲಿಲ್ಲ. ಮೂರು ಮೀಟರ್ ಇಳಿಯುವಷ್ಟರಲ್ಲಿ ಕಿವಿ ನೋವು, ಮೂಗು ಹಿಡಿದು ಎಷ್ಟು ಊದಿದರೂ ಒತ್ತಡ ಬಿಡಲಿಲ್ಲ. ಹುಡುಗ ಕೈಸನ್ನೆ ಮಾಡಿ ಮೇಲೆ ಬಂದ. ನೀರಿಗಿಳಿದ ಮೇಲೆ ದುಡ್ಡು ವಾಪಸ್ ಇಲ್ಲ ಅಂದರು, ನಾಲ್ಕೂವರೆ ಸಾವಿರ ಹೋಯಿತು. ದುಡ್ಡು ಹೋಗಲಿ, ಕಿವಿ ಉಳಿಯಿತು. ನೋವಿದ್ದರೂ ಒತ್ತಾಯ ಮಾಡಿ ಇಳಿಸುವವರನ್ನು ಪಕ್ಕದ ಬೋಟಿನಲ್ಲಿ ನೋಡಿದೆ, ಹೊಟ್ಟೆ ಉರಿಯಿತು. ಡೈವಿಂಗ್ ಮುಗಿದ ಮೇಲೆ ವಿಮಾನಕ್ಕೆ ಕನಿಷ್ಠ 18 ಗಂಟೆ ಅಂತರ ಇರಬೇಕು ಅನ್ನುವುದೂ ನೆನಪಿರಲಿ. ನೀಲ್ ಅನ್ನು ಕೊನೆಗೆ ಇಟ್ಟಿದ್ದು ಅದಕ್ಕೂ ಆಯಿತು.

ಮಕ್ಕಳಿಗೆ ಒಂದೊಂದು ದಿನವನ್ನು ಪೂರ್ತಿ ಬಿಟ್ಟುಕೊಟ್ಟಿದ್ದೆವು. ದಿನಕ್ಕೆ ಆರು ಸಾವಿರ, ನಾಲ್ಕೂ ಜನರ ಊಟ, ಓಡಾಟ, ಆಟ ಎಲ್ಲ ಅದರಲ್ಲೇ, ಉಳಿದದ್ದು ಅವರದ್ದು. ನಮ್ಮವರಿಗೆ ಇದು ಇಷ್ಟವಿರಲಿಲ್ಲ, ‘ಮಧ್ಯಾಹ್ನಕ್ಕೇ ಖಾಲಿ ಮಾಡ್ತಾರೆ’ ಅಂದರು. ಮಗ ಎಲಿಫೆಂಟ್ ಬೀಚಿನ ಜೆಟ್ ಸ್ಕೀಗೆ ಬೆಳಿಗ್ಗೆಯೇ ಒಂದಿಷ್ಟು ಸುರಿದ, ಅದು ಕೆಲವೇ ನಿಮಿಷದಲ್ಲಿ ಮುಗಿಯಿತು. ಸಂಜೆಗೆ ನಮಗೆಲ್ಲ ಜೆಟ್ಟಿ ಹತ್ತಿರದ ಚಿಕ್ಕ ಹೋಟೆಲಿನ ಮೀನೂಟ. ಅದೇ ಆ ವಾರದ ಅತಿ ರುಚಿಯಾದ ಊಟ, ತಲೆಗೆ ಇನ್ನೂರು ಚಿಲ್ಲರೆ. ಮಗಳು ಸೈಕಲ್ ಬಾಡಿಗೆಗೆ ತೆಗೆದುಕೊಂಡು ಕಾಲಾಪತ್ಥರ್‌ವರೆಗೆ ನಮ್ಮನ್ನೆಲ್ಲ ತುಳಿಸಿಕೊಂಡು ಹೋದಳು, ಮೂರು ಸಾವಿರದ ಹತ್ತಿರ ಉಳಿಸಿಕೊಂಡಳು. ಬಾರಾಟಾಂಗ್ ದ್ವೀಪ ಬೇಡ ಅಂತ ನಿರ್ಧಾರ ಮಾಡಿದವಳೂ ಅವಳೇ. ಅಲ್ಲಿಗೆ ಹೋಗುವ ದಾರಿಯಲ್ಲಿ ಜಾರವಾ ಬುಡಕಟ್ಟಿನ ಜನರ ಕಾಡಿನ ನಡುವೆ ಗಾಡಿಗಳ ಸಾಲಿನಲ್ಲಿ ಹೋಗುವುದು ಸರಿಯಲ್ಲ ಅಂದಳು. ನನಗೂ ಅದೇ ಅನ್ನಿಸಿತ್ತು.

ಹೊತ್ತಿನ ತೊಂದರೆಯನ್ನು ಯಾರೂ ಮೊದಲೇ ಹೇಳುವುದಿಲ್ಲ. ಅಂಡಮಾನ್ ನಮ್ಮಿಂದ ತುಂಬ ಪೂರ್ವಕ್ಕಿದ್ದರೂ ಗಡಿಯಾರ ಮಾತ್ರ ಭಾರತದ್ದೇ. ಏಪ್ರಿಲ್‌ನಲ್ಲಿ ಐದರ ಆಸುಪಾಸಿಗೆ ಬೆಳಕು, ಐದೂವರೆಗೆ ಸೂರ್ಯ ಮುಳುಗಿದ. ಒಂಬತ್ತಕ್ಕೆ ಏಳುವ ಮಕ್ಕಳನ್ನು ಕರೆದುಕೊಂಡು ಹೋದರೆ ದಿನದ ಅರ್ಧ ಹಾಸಿಗೆಯಲ್ಲೇ ಹೋಗುತ್ತದೆ. ಹೊರಡುವ ಮುಂಚಿನ ಒಂದು ವಾರ ಅಡುಗೆಮನೆಯ ಗೋಡೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಟ್ಟೆ. ಊಟ, ತಿಂಡಿ, ದೀಪ ಆರಿಸುವುದು ಎಲ್ಲ ಅದರ ಪ್ರಕಾರ. ಮೊದಲ ಮೂರು ದಿನ ಮನೆಯಲ್ಲಿ ಜಗಳ, ಆಮೇಲೆ ಒಗ್ಗಿತು. ದ್ವೀಪಕ್ಕೆ ಹೋದ ಮಾರನೇ ದಿನವೇ ಆರಕ್ಕೆ ಇಬ್ಬರೂ ನೀರಿನಲ್ಲಿದ್ದರು.

ರಾತ್ರಿ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಮಗನ ಪಾಲಿಗೆ ಬಂತು, ಡೈವ್ ತಪ್ಪಿದ್ದಕ್ಕೆ ಅವನೇ ಕೇಳಿದ. ತಲೆಗೆ ಮೂರೂವರೆ ಸಾವಿರ. ದುಬಾರಿ ಅಂತ ನಮ್ಮವರು ಹಿಂದೆಮುಂದೆ ನೋಡಿದರು. ಏಳು ಗಂಟೆಗೆ ಮ್ಯಾಂಗ್ರೋವ್ ಅಂಚಿನಲ್ಲಿ ಹೊರಟೆವು. ಟಾರ್ಚ್ ಆರಿಸಿದ ಮೇಲೆ ಹುಟ್ಟು ನೀರಿಗೆ ತಾಗಿದ ಕಡೆಯಲ್ಲೆಲ್ಲ ಹಸಿರು-ನೀಲಿ ಬೆಳಕು ಸುಳಿಯಾಗಿ ಎದ್ದು ಆರುತ್ತಿತ್ತು. ಮಗ ಮೊಣಕೈವರೆಗೆ ಕೈ ಮುಳುಗಿಸಿ ಎತ್ತಿದ. ರೋಮರೋಮಕ್ಕೆ ಮಿಣುಕು ಅಂಟಿಕೊಂಡು ಮಣಿಕಟ್ಟಿನಿಂದ ಹನಿಹನಿಯಾಗಿ ಇಳಿಯಿತು. ಕೆಳಗೆ ಮೀನೊಂದು ಸರ್ರನೆ ಓಡಿದ್ದು ಬೆಳಕಿನ ಗೆರೆಯಾಗಿ ಕಂಡಿತು. ನೀರು ಕದಡಿದಾಗ ಬೆಳಗುವ ಒಂದೇ ಕೋಶದ ಜೀವಿಗಳು ಅವು. ಹುಣ್ಣಿಮೆಯ ಹಿಂಚುಮುಂಚು ಹೋಗಿ ‘ಏನೂ ಕಾಣಲಿಲ್ಲ’ ಅಂತ ಬಯ್ಯುವವರು ಬಹಳ. ದುಡ್ಡು ಕೊಡುವ ಮುಂಚೆ ಕ್ಯಾಲೆಂಡರ್ ನೋಡಿ.

ನೀಲ್‌ನಲ್ಲಿ ನಾವು ಹೋದ ದಿನ ಇಳಿತ ಮಧ್ಯಾಹ್ನದ ಮೇಲೆ ಬಿತ್ತು. ಎಲ್ಲರೂ ಲಕ್ಷ್ಮಣಪುರದ ಕಲ್ಲಿನ ಕಮಾನಿನ ಹತ್ತಿರ ಫೋಟೋಗೆ ಸಾಲು ನಿಂತಿದ್ದರು. ನಾವು ಅಲ್ಲಿಂದ ಸ್ವಲ್ಪ ದೂರ ನಡೆದೆವು. ಎಷ್ಟು ದೂರ, ಯಾವ ಕಡೆ ಅಂತ ಹೇಳುವುದಿಲ್ಲ; ಅಲ್ಲಿ ಜನ ತುಂಬಿದರೆ ಕಾಲಡಿಗೆ ಸಿಕ್ಕಿ ಹವಳ ಸಾಯುತ್ತದೆ. ಗಟ್ಟಿ ಅಡಿಯ ಚಪ್ಪಲಿ ಹಾಕಿಕೊಂಡು, ಬರೀ ಮರಳು ಮತ್ತು ಸತ್ತ ಕಲ್ಲಿನ ಮೇಲೆ ಕಾಲಿಟ್ಟು ಹೋಗಬೇಕು. ಮೊಣಕಾಲು ಮಟ್ಟದ ಗುಂಡಿಯೊಂದರಲ್ಲಿ ದೈತ್ಯ ಕಪ್ಪೆಚಿಪ್ಪು, ನೇರಳೆ ಅಂಚಿನ ತುಟಿ ತೆರೆದುಕೊಂಡಿತ್ತು. ಮಗಳ ನೆರಳು ಅದರ ಮೇಲೆ ಬಿದ್ದಿದ್ದೇ ತಟ್ಟನೆ ಮುಚ್ಚಿಕೊಂಡಿತು. ಅವಳು ಹಿಂದೆ ಸರಿದು ಕಾದಳು, ಮತ್ತೆ ತೆರೆಯಿತು. ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ. ಚಿಪ್ಪು, ಹವಳ ಏನನ್ನೂ ಹೆಕ್ಕಿ ತರಬೇಡಿ. ಸತ್ತ ಹವಳದ ತುಂಡು ಬ್ಯಾಗಿನಲ್ಲಿ ಸಿಕ್ಕರೂ ವಿಮಾನ ನಿಲ್ದಾಣದಲ್ಲಿ ತೆಗೆಸುತ್ತಾರೆ.

ವಿಮಾನದ ಹಿಂದಿನ ದಿನ ಪೋರ್ಟ್ ಬ್ಲೇರ್‌ನಲ್ಲೇ (2024ರಿಂದ ಶ್ರೀ ವಿಜಯಪುರಂ) ಇರಬೇಕು, ಇದರಲ್ಲಿ ರಾಜಿ ಇಲ್ಲ. ಗಾಳಿ ಎದ್ದು ಫೆರ್ರಿ ನಿಂತರೆ ನೀವು ದ್ವೀಪದಲ್ಲಿ, ವಿಮಾನ ಆಕಾಶದಲ್ಲಿ. ಆ ದಿನ ಸೆಲ್ಯುಲರ್ ಜೈಲಿಗೆ ಹೋದೆವು. ಚಿಕ್ಕಂದಿನಲ್ಲಿ ಅಲ್ಲಿ ನಿದ್ದೆ ಹೋಗಿದ್ದ ಮಗ ಈ ಸಲ ಒಂದು ಕೋಣೆಯೊಳಗೆ ನಿಂತು ಬಾಗಿಲ ಚಿಲಕ ಎಷ್ಟು ದೂರದಲ್ಲಿದೆ, ಒಳಗಿನ ಕೈಗೆ ಎಟಕುತ್ತದಾ ಅಂತ ಅಳೆದು ನೋಡಿದ. ಯಾವ ದಿನ ರಜೆ ಅಂತ ಮೊದಲೇ ನೋಡಿಕೊಳ್ಳಿ.

ಒಟ್ಟು ಖರ್ಚು ಒಂದು ಲಕ್ಷ ತೊಂಬತ್ತೈದು ಸಾವಿರದ ಹತ್ತಿರ. ಏಜೆಂಟ್ ಹೇಳಿದ್ದು ಇದರ ಅರ್ಧದಷ್ಟು ದಿನಕ್ಕೆ ಎರಡೂಕಾಲು ಲಕ್ಷ, ಅದರಲ್ಲಿ ಡೈವಿಂಗ್ ಕೋರ್ಸ್ ಇರಲಿಲ್ಲ. ದೊಡ್ಡ ಮಕ್ಕಳೆಂದರೆ ಎಲ್ಲ ಕಡೆ ನಾಲ್ಕೂ ಜನರಿಗೆ ದೊಡ್ಡವರ ದರ, ಎಕ್ಸ್‌ಟ್ರಾ ಬೆಡ್‌ಗೆ ಕೇಳುವ ದುಡ್ಡಿಗೆ ಇನ್ನೊಂದು ಸಾದಾ ರೂಮೇ ಬರುತ್ತದೆ. ಎರಡು ರೂಮ್ ತೆಗೆದುಕೊಂಡೆವು, ರಾತ್ರಿಗೆ ಎರಡೂ ಸೇರಿ ಆರೂವರೆ-ಏಳು ಸಾವಿರ. ಒಂದೇ ಕಡೆ ಹೆಚ್ಚು ರಾತ್ರಿ ಇರುತ್ತೇವೆ ಅಂದಿದ್ದಕ್ಕೆ ಕಡಿಮೆ ಮಾಡಿದರು. ಆ ಮಾತುಕತೆಯನ್ನು ಯಾವ ತಿಂಗಳಲ್ಲಿ, ಯಾರ ಹತ್ತಿರ ಮಾಡಿದೆ ಅನ್ನುವುದು ನನ್ನ ಹತ್ತಿರವೇ ಇರಲಿ, ಮಗನ ಡೈವ್ ಇನ್ನೂ ಬಾಕಿ ಇದೆ. ಬರುವ ವರ್ಷದ ಕ್ಯಾಲೆಂಡರ್ ಬಂದ ಮೇಲೆ ಬಹುಳ ಅಷ್ಟಮಿ ಯಾವಾಗ ಬೀಳುತ್ತದೆ ಅಂತ ಭಾವನವರೇ ಕೇಳಿದ್ದಾರೆ.